ಶಿಕ್ಷೆ ಹೋಗಿಲ್ಲ, ಸದ್ಯಕ್ಕೆ ನಿಂತಿದೆ: ಇದಕ್ಕೆ ನಿಮ್ಮ ಕಡೆ ಏನು ಹೇಳುತ್ತೀರಿ?

ಹೊಸನಗರದ ಅಕ್ಕ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯವಳು. ಇಪ್ಪತ್ತೆರಡು ವರ್ಷ ಪಂಚಾಯ್ತಿ ಲೈಬ್ರರಿ ನೋಡಿಕೊಂಡಿದ್ದೆ. ಈಗ ಅದನ್ನು ಅರಿವು ಕೇಂದ್ರ ಅಂತಾರೆ. ಕೆಲಸ ಬಿಟ್ಟು ಮೂರು ವರ್ಷವಾದರೂ ಊರಿನವರು ಅರ್ಥವಾಗದ ಕಾಗದ ಬಂದರೆ ನಮ್ಮ ಮನೆಗೇ ತರುತ್ತಾರೆ. ಕರೆಂಟ್ ಬಿಲ್ಲು, ಸೊಸೈಟಿ ನೋಟಿಸು, ಆಸ್ಪತ್ರೆ ಚೀಟಿ, ಕೋರ್ಟ್ ಕಾಗದ, ಎಲ್ಲವೂ.

ಹೋದ ಮಳೆಗಾಲದಲ್ಲಿ ಪಕ್ಕದ ಮನೆಯ ದೊಡ್ಡಮ್ಮ ಒಂದು ತಟ್ಟೆ ಕಜ್ಜಾಯ ಹಿಡಿದುಕೊಂಡು ಬಂದರು. ಇನ್ನೊಂದು ಕೈಯಲ್ಲಿ ಮಡಚಿದ ಕಾಗದ. "ಮಗನ ಕೇಸು ಮುಗೀತು ಮಾರಾಯ್ತಿ. ಸಿಗಂದೂರಿಗೆ ಹೋಗಿ ಹರಕೆನೂ ತೀರಿಸಿ ಬಂದೆ. ಈ ಕಾಗದ ಇನ್ನು ಇಟ್ಕೋಬೇಕಾ, ಒಲೆಗೆ ಹಾಕ್ಬಹುದಾ?" ಎಂದು ಕೇಳಿದರು.

ಕೇಸು ಏನೆಂದರೆ, ಅವರ ಮಗ ಒಂದು ಹಳೆಯ ಪಿಕಪ್ ಗಾಡಿ ತೆಗೆದುಕೊಳ್ಳಲು ಕೈಸಾಲ ಮಾಡಿದ್ದ. ಭದ್ರತೆಗೆ ಕೊಟ್ಟ ಚೆಕ್ಕು ಬೌನ್ಸ್ ಆಯಿತು. ಕೆಳಗಿನ ಕೋರ್ಟಿನಲ್ಲಿ ಆರು ತಿಂಗಳು ಜೈಲು, ಜೊತೆಗೆ ಮೂರು ಲಕ್ಷ ಪರಿಹಾರ ಕೊಡಬೇಕು ಅಂತ ತೀರ್ಪಾಯಿತು. ಮೇಲಿನ ಕೋರ್ಟಿಗೆ ಅಪೀಲು ಹಾಕಿದರು. ಅಲ್ಲಿಂದ ಬಂದ ಆದೇಶವೇ ಆ ಕಾಗದ. ಮೊದಲ ಸಾಲಿನಲ್ಲಿ ಶಿಕ್ಷೆಯನ್ನು ಅಮಾನತಿನಲ್ಲಿ ಇಡಲಾಗಿದೆ ಅಂತ ಇತ್ತು. ಅದರ ಕೆಳಗೇ, ಪರಿಹಾರದ ಶೇಕಡಾ 20ನ್ನು 60 ದಿನದೊಳಗೆ ಕೋರ್ಟಿನಲ್ಲಿ ಕಟ್ಟಬೇಕು ಅಂತ ಇತ್ತು. ಅಂದರೆ ಅರವತ್ತು ಸಾವಿರ. ತಾರೀಖು ಎಣಿಸಿದೆ. ಅವತ್ತಿಗೆ ನಲವತ್ತೇಳು ದಿನ ಆಗಿಹೋಗಿತ್ತು.

ನನ್ನ ಕೈ ತಣ್ಣಗಾಯಿತು. ಮಗ ಬೆಂಗಳೂರಿನಲ್ಲಿದ್ದಾನೆ. ವಕೀಲರ ಕಡೆಯವರು ಅವನಿಗೆ ಫೋನಿನಲ್ಲಿ "ಶಿಕ್ಷೆ ಸಸ್ಪೆಂಡ್ ಆಗಿದೆ, ದುಡ್ಡು ಕಟ್ಟಬೇಕು" ಎಂದಿದ್ದರಂತೆ. ಅವನು ಬಸ್ಸಿನಲ್ಲಿದ್ದ. ದುಡ್ಡು ಅಪೀಲು ಸೋತರೆ ಮಾತ್ರ ಅಂದುಕೊಂಡ. ಅಮ್ಮನಿಗೆ "ಸಸ್ಪೆಂಡ್ ಆಯ್ತು" ಅಂತ ಮಾತ್ರ ಹೇಳಿದ. ದೊಡ್ಡಮ್ಮ ಅದನ್ನು ರದ್ದು ಅಂತ ತಿಳಿದುಕೊಂಡರು. "ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು" ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಆದರೆ ದೊಣ್ಣೆ ತಪ್ಪಿರಲಿಲ್ಲ. ಎತ್ತಿದ ಕೈ ಎತ್ತಿದ ಹಾಗೇ ಇತ್ತು.

ಇದನ್ನು ಅವರಿಗೆ ಹೇಳಬೇಕಲ್ಲ. ನನಗೆ ಒಂದು ಮಾತೂ ಸಿಗಲಿಲ್ಲ. "ಅಮಾನತು" ಎಂದೆ. ಅವರಿಗೆ ಅಮಾನತು ಎಂದರೆ ಯಾರೋ ಸರ್ಕಾರಿ ನೌಕರನನ್ನು ಕೆಲಸದಿಂದ ಇಳಿಸುವುದು. ನನ್ನ ಮಗ ಸರ್ಕಾರಿ ಕೆಲಸದಲ್ಲೇ ಇಲ್ಲವಲ್ಲ ಎಂದರು. "ತಡೆಯಾಜ್ಞೆ" ಎಂದೆ. ಹಾಗಂದರೆ ಅವರಿಗೆ ಸ್ಟೇ. ನಮ್ಮ ಕಡೆ ಸ್ಟೇ ಎಂದರೆ ಒತ್ತುವರಿ ಜಮೀನಿನ ವಿಷಯ. ಒಮ್ಮೆ ಸ್ಟೇ ತಂದವರು ಮಕ್ಕಳ ಮದುವೆ ಮಾಡಿ ಮೊಮ್ಮಕ್ಕಳನ್ನು ಎತ್ತಿ ಆಡಿಸಿದರೂ ಅದು ಹಾಗೇ ಇರುತ್ತದೆ. ಹಾಗಾಗಿ ಆ ಮಾತಿಗೂ ಅವರಿಗೆ ಭಯ ಹುಟ್ಟಲಿಲ್ಲ. "ಮುಂದೂಡಿದ್ದಾರೆ" ಎಂದೆ. ಯಾವ ತಾರೀಖಿಗೆ ಅಂತ ಕೇಳಿದರು. ತಾರೀಖು ಇಲ್ಲವಲ್ಲ!

ಅವತ್ತು ಪುಷ್ಯ ಮಳೆ. ನಾಲ್ಕು ದಿನ ಬಿಡದೆ ಹೊಯ್ದು ಮಧ್ಯಾಹ್ನವಷ್ಟೇ ಸ್ವಲ್ಪ ಬಿಟ್ಟಿತ್ತು. ಕೆಳಗಿನ ತೋಟದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಎರಡನೇ ಸಲದ ಔಷಧಿ ಹೊಡೆಯುತ್ತಿದ್ದರು. ಮೈಲುತುತ್ತ, ಸುಣ್ಣದ ವಾಸನೆ ನಮ್ಮ ಜಗುಲಿಯವರೆಗೂ ಬರುತ್ತಿತ್ತು. ಅದನ್ನು ನೋಡಿ ಬಾಯಿಗೆ ಬಂತು. "ದೊಡ್ಡಮ್ಮ, ಮಳೆ ನಿಂತಿಲ್ಲ. ಹೊಳವಾಗಿದೆ ಅಷ್ಟೇ" ಎಂದೆ. ನಮ್ಮ ಕಡೆ ಹೊಳವು ಎಂದರೆ ಮಳೆಯ ನಡುವೆ ಸಿಗುವ ಸ್ವಲ್ಪ ಬಿಡುವು.

ಅವರು ಅಂಗಳದ ಕಡೆ ನೋಡಿದರು. ತಟ್ಟೆ ಕೆಳಗಿಟ್ಟರು. "ಹಂಗಾದ್ರೆ ಕೊಪ್ಪೆ ಬಿಚ್ಚಬಾರ್ದು ಅಂತೀಯ" ಎಂದರು. ಕೊಪ್ಪೆ ಎಂದರೆ ಮಳೆಗೆ ತಲೆಯಿಂದ ಹೊದೆಯುವ ಹೊದಿಕೆ.

ಹೌದು ಎಂದೆ. ಹೊಳವಾದಾಗ ನಾವು ಸುಮ್ನೆ ಕೂರುವುದಿಲ್ಲ ಅಲ್ವಾ? ಔಷಧಿ ಹೊಡೆಯುತ್ತೇವೆ, ಸೌದೆ ಒಳಗೆ ಹಾಕುತ್ತೇವೆ, ಬಟ್ಟೆ ಒಣಗಿಸುತ್ತೇವೆ. ಹಾಗೇ ಈ ಅರವತ್ತು ದಿನದಲ್ಲಿ ದುಡ್ಡು ಕಟ್ಟಬೇಕು ಎಂದೆ. ಆಮೇಲೆ ಅವರಿಗೆ ಏನೂ ಬಿಡಿಸಿ ಹೇಳಬೇಕಾಗಲಿಲ್ಲ. ಮರುದಿನವೇ ಅಡಿಕೆ ಮಂಡಿಗೆ ಹೋಗಿ ಬರುವ ಕೊಯ್ಲಿನ ಮೇಲೆ ನಲವತ್ತು ಸಾವಿರ ಮುಂಗಡ ತಂದರು. ಉಳಿದದ್ದು ಸ್ತ್ರೀಶಕ್ತಿ ಸಂಘದಲ್ಲಿ ಸಾಲ. ಐವತ್ತಾರನೇ ದಿನ ಕಟ್ಟಿದರು.

ನನ್ನ ಪ್ರಶ್ನೆ ಇಷ್ಟು. ಶಿಕ್ಷೆ ಪೂರ್ತಿ ಹೋಗುವುದಕ್ಕೆ ನಮ್ಮಲ್ಲಿ ಮಾತುಗಳಿವೆ. ಮಾಫಿ, ರದ್ದು, ಖುಲಾಸೆ, ಬಿಡುಗಡೆ. ಆದರೆ ಹೋಗಿಲ್ಲ, ಸದ್ಯಕ್ಕೆ ನಿಂತಿದೆ, ಮತ್ತೆ ಬರಬಹುದು ಅನ್ನುವುದನ್ನು ಒಂದೇ ಮಾತಿನಲ್ಲಿ ಹೇಳಲು ನಿಮ್ಮ ಊರಿನಲ್ಲಿ, ನಿಮ್ಮ ಮನೆಯಲ್ಲಿ, ನಿಮ್ಮ ಕೆಲಸದಲ್ಲಿ ಏನು ಬಳಸುತ್ತೀರಿ? ಡಿಕ್ಷನರಿ ನನ್ನ ಹತ್ತಿರವೂ ಇದೆ. ಎಪ್ಪತ್ತು ವರ್ಷದ ಹೆಂಗಸಿಗೆ ಕೇಳಿದ ಕೂಡಲೇ ತಿಳಿಯುವ ಮಾತು ಬೇಕು.

ಸಾಗರದ ಗುಮಾಸ್ತ:

ಅಕ್ಕಾ, ನಾನು ವಕೀಲರೊಬ್ಬರ ಆಫೀಸಿನಲ್ಲಿ ಹದಿನಾರು ವರ್ಷದಿಂದ ಇದ್ದೇನೆ. ನೀವು ಹೇಳಿದ್ದು ವಾರಕ್ಕೊಮ್ಮೆ ನೋಡುತ್ತೇನೆ. ನಾವೂ ಫೋನಿನಲ್ಲಿ ಅವಸರದಲ್ಲಿ ಹೇಳಿಬಿಡುತ್ತೇವೆ. ಅದು ತಪ್ಪು.

ಮೊದಲು ಒಂದು ವಿಷಯ. ಈ 20 ಪರ್ಸೆಂಟ್ ಚೆಕ್ ಬೌನ್ಸ್ ಅಪೀಲಿಗೆ ಮಾತ್ರ ಇರುವ ನಿಯಮ. 2018ರ ತಿದ್ದುಪಡಿಯಲ್ಲಿ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಗೆ 148ನೇ ಕಲಂ ಎಂದು ಬಂತು. ಕೋರ್ಟು ಕಡಿಮೆ ಎಂದರೆ ಅಷ್ಟು ಕಟ್ಟಿಸಬಹುದು. 60 ದಿನ ಗಡುವು. ಸರಿಯಾದ ಕಾರಣ ತೋರಿಸಿದರೆ ಇನ್ನು 30 ದಿನದವರೆಗೆ ಕೊಡಬಹುದು. ಕಟ್ಟದೇ ಹೋದರೆ ಅಮಾನತು ತೆಗೆದುಹಾಕುವುದಕ್ಕೆ ದಾರಿ ಆಗುತ್ತದೆ. ಆಗ ವಾರಂಟು ಬರುತ್ತದೆ. ನಿಮ್ಮ ದೊಡ್ಡಮ್ಮ ಆ ಕಾಗದ ಒಲೆಗೆ ಹಾಕದೆ ನಿಮ್ಮ ಹತ್ತಿರ ತಂದಿದ್ದು ದೊಡ್ಡದು.

ಈಗ ಮಾತಿನ ವಿಷಯ. ಕಕ್ಷಿದಾರರು ಎಲ್ಲದಕ್ಕೂ "ಬೇಲ್ ಆಯ್ತು" ಅಂತಾರೆ. ತೀರ್ಪಿಗಿಂತ ಮೊದಲು ಸಿಗುವ ಜಾಮೀನು ಬೇರೆ. ಆಗ ಅವನು ಇನ್ನೂ ತಪ್ಪಿತಸ್ಥ ಅಲ್ಲ. ತೀರ್ಪು ಆದ ಮೇಲೆ ಸಿಗುವುದು ಬೇರೆ. ಅಲ್ಲಿ ತಪ್ಪು ಸಾಬೀತಾಗಿ ಶಿಕ್ಷೆ ಬರೆದಾಗಿದೆ, ಜಾರಿ ಮಾತ್ರ ನಿಂತಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿಯಲ್ಲಿ ಅದು 389ನೇ ಕಲಂ. 2024ರ ಜುಲೈ 1ರಿಂದ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 430. ಶಿಕ್ಷೆ ಮೂರು ವರ್ಷದ ಒಳಗಿದ್ದು ಮನುಷ್ಯ ಮೊದಲೇ ಜಾಮೀನಿನ ಮೇಲಿದ್ದರೆ, ಅಪೀಲು ಹಾಕಿಕೊಳ್ಳಲಿ ಅಂತ ಶಿಕ್ಷೆ ಕೊಟ್ಟ ಕೋರ್ಟೇ ಸ್ವಲ್ಪ ಕಾಲ ಬಿಡುತ್ತದೆ. ಮ್ಯಾಜಿಸ್ಟ್ರೇಟ್ ಕೋರ್ಟಿನಿಂದ ಸೆಷನ್ಸ್‌ಗೆ ಅಪೀಲು ಹಾಕಲು 30 ದಿನ. ಆ ಮೂವತ್ತು ದಿನವನ್ನು ಬಿಡುಗಡೆ ಎಂದುಕೊಂಡು ಮನೆಯಲ್ಲಿ ಕುಳಿತವರನ್ನು ನಾನು ನೋಡಿದ್ದೇನೆ.

ನಾನು ಇನ್ನು ಮೇಲೆ "ಶಿಕ್ಷೆ ಇದೆ, ಜಾರಿ ಇಲ್ಲ" ಅಂತ ಹೇಳುತ್ತೇನೆ. ಎರಡೂ ತುಂಡು ಬೇಕು. ಮೊದಲ ತುಂಡನ್ನು ಮೊದಲು ಹೇಳಬೇಕು. "ಜಾರಿ ಇಲ್ಲ" ಎಂದು ಶುರು ಮಾಡಿದರೆ ಅವರು ಅಲ್ಲಿಗೇ ಫೋನ್ ಇಟ್ಟುಬಿಡುತ್ತಾರೆ.

ಮತ್ತೊಂದು. ಚೆಕ್ ಬೌನ್ಸ್ ಕೇಸಿನಲ್ಲಿ ಅಪೀಲಿನ ಹಂತದಲ್ಲೂ ರಾಜಿ ಆಗಬಹುದು. ನಿಮ್ಮ ಹೊಳವಿನಲ್ಲಿ ಮಾಡಬಹುದಾದ ಕೆಲಸ ಅದೂ ಒಂದು. ಸಾಲ ಕೊಟ್ಟವರ ಹತ್ತಿರ ಒಮ್ಮೆ ಮಾತಾಡಲು ಹೇಳಿ. ಲೋಕ ಅದಾಲತ್ ಇದೆ. ವಕೀಲರ ಫೀಸಿಗೆ ಕಷ್ಟ ಇರುವವರು 15100ಕ್ಕೆ ಫೋನ್ ಮಾಡಿದರೆ ಉಚಿತ ಕಾನೂನು ನೆರವಿನ ದಾರಿ ಹೇಳುತ್ತಾರೆ.

ತುಂಗೆಯ ದಂಡೆ (ತೀರ್ಥಹಳ್ಳಿ):

ನಾನು ನಿವೃತ್ತ ಕನ್ನಡ ಮೇಷ್ಟ್ರು. ತಂಗೀ, ನೀವು ಬಿಟ್ಟುಕೊಟ್ಟ "ಅಮಾನತು" ಅನ್ನುವ ಮಾತನ್ನು ಇನ್ನೊಮ್ಮೆ ಕೈಗೆ ತೆಗೆದುಕೊಳ್ಳಿ ಅಂತ ಕೇಳಿಕೊಳ್ಳುತ್ತೇನೆ.

ಅದು ಅರಬ್ಬಿಯಿಂದ ಬಂದದ್ದು. ಮೂಲದಲ್ಲಿ ನಂಬಿಕೆಯ ಮೇಲೆ ಒಬ್ಬರ ಹತ್ತಿರ ಇಟ್ಟ ವಸ್ತು. ಒಡವೆಯನ್ನು ನೆಂಟರ ಮನೆಯಲ್ಲಿ ಇಟ್ಟು ತೀರ್ಥಯಾತ್ರೆಗೆ ಹೋದರೆ ಅದು ಅಮಾನತು. ಕನ್ನಡದಲ್ಲೂ ಠೇವಣಿ ಅನ್ನುವ ಅರ್ಥ ಇದೆ. ಹಾಗೆ ನೋಡಿದರೆ "ಶಿಕ್ಷೆ ಅಮಾನತಿನಲ್ಲಿದೆ" ಎಂದರೆ ಶಿಕ್ಷೆಯನ್ನು ಜೋಪಾನವಾಗಿ ಎತ್ತಿಟ್ಟಿದ್ದಾರೆ ಎಂದು. ಕಳೆದುಹೋಗಿಲ್ಲ, ಕರಗಿಲ್ಲ. ಪೆಟ್ಟಿಗೆಯಲ್ಲಿದೆ. ಕೇಳಿದ ದಿನ ಹೊರಗೆ ಬರುತ್ತದೆ. ನಿಮಗೆ ಬೇಕಾದ ಅರ್ಥ ಆ ಮಾತಿನ ಹೊಟ್ಟೆಯಲ್ಲೇ ಇದೆ. ನೌಕರರ ಸುದ್ದಿಗಳಲ್ಲಿ ಕೇಳಿ ಕೇಳಿ ನಮ್ಮ ಜನ ಅದನ್ನು ಮರೆತಿದ್ದಾರೆ. ಸೊಸೈಟಿಯಲ್ಲಿ ಠೇವಣಿ ಇಡುವುದು ದೊಡ್ಡಮ್ಮನವರಿಗೆ ಗೊತ್ತಿರುತ್ತದೆ. "ಶಿಕ್ಷೆನ ಠೇವಣಿ ಇಟ್ಟಿದ್ದಾರೆ" ಎಂದರೆ ಹೇಗೆ?

ನಮ್ಮ ಕಚೇರಿ ಮಾತುಗಳಲ್ಲಿ ಎಷ್ಟೋ ಹೀಗೆ ಅರಬ್ಬಿ, ಪಾರ್ಸಿಯಿಂದ ಬಂದವು. ಜಾಮೀನು, ಮಾಫಿ, ಖುಲಾಸೆ, ಶಿರಸ್ತೇದಾರ. 1763ರಲ್ಲಿ ಹೈದರಾಲಿ ಬಿದನೂರನ್ನು (ನಿಮ್ಮ ತಾಲ್ಲೂಕಿನ ಈಗಿನ ನಗರ ಎಂಬ ಊರು) ಹಿಡಿದ ಮೇಲೆ ನಿಮ್ಮ ನಗರ ಸೀಮೆಯ ಲೆಕ್ಕಪತ್ರದಲ್ಲಿ ಇಂಥ ಮಾತುಗಳ ಬಳಕೆ ಜಾಸ್ತಿಯಾಯಿತು. ಅವು ಈಗ ಹೊರಗಿನವಲ್ಲ, ನಮ್ಮವೇ.

"ವಾಯಿದೆ" ನೋಡಿ. ನಮ್ಮ ಕಡೆ ಕೋರ್ಟಿನ ತಾರೀಖಿಗೂ ವಾಯ್ದೆ, ಸಾಲ ತೀರಿಸಲು ಕೇಳುವ ಕಾಲಕ್ಕೂ ವಾಯ್ದೆ. ಅದರ ಮೂಲವೂ ಅರಬ್ಬಿ. ಅರ್ಥ ಕೊಟ್ಟ ಮಾತು. ಹಿಂದಿಯ ವಾದಾ ಅದರ ಒಡಹುಟ್ಟು. ಈಗ ಪೆರೋಲ್ ತೆಗೆದುಕೊಳ್ಳಿ. ಅದು ಫ್ರೆಂಚ್. ಅರ್ಥ ಅದೇ, ಮಾತು. ತಪ್ಪದೆ ವಾಪಸ್ ಬರುತ್ತೇನೆ ಅಂತ ಸೆರೆಯಾಳು ಕೊಡುವ ಮಾತು. ಎಲ್ಲಿಯ ಅರಬ್ಬಿ, ಎಲ್ಲಿಯ ಫ್ರೆಂಚ್! ಶಿಕ್ಷೆ ಸ್ವಲ್ಪ ಕಾಲ ನಿಲ್ಲಬೇಕಾದರೆ ಮನುಷ್ಯ ಕೊಡಬಹುದಾದದ್ದು ಮಾತೊಂದೇ ಅಂತ ಎರಡು ಕಡೆಯೂ ತಿಳಿದಿದ್ದರು. ನನಗೆ ಇದು ಬಹಳ ಹಿಡಿಸುತ್ತದೆ.

ಇಂಗ್ಲಿಷಿನ ರೆಪ್ರೀವ್ ಕಥೆ ಕೇಳಿದರೆ ನಿಮಗೆ ಸಮಾಧಾನ ಆಗಬಹುದು. ಇವತ್ತು ಅದರ ಅರ್ಥ ಮರಣದಂಡನೆಗೆ ತಾತ್ಕಾಲಿಕ ತಡೆ. ಆದರೆ ಹದಿನಾರನೇ ಶತಮಾನದಲ್ಲಿ ಅದು ಮೊದಲು ಬಳಕೆಗೆ ಬಂದಾಗ ಅರ್ಥ ಮರಳಿ ಸೆರೆಮನೆಗೆ ಕಳಿಸು ಎಂದು. ಗಲ್ಲಿಗೆ ಹೋಗಬೇಕಾದವನನ್ನು ಕೋಣೆಗೆ ವಾಪಸ್ ಕಳಿಸಿದರೆ ಅವತ್ತಿನ ಮಟ್ಟಿಗೆ ಉಳಿದ. ಅಲ್ಲಿಂದ ಅರ್ಥ ಹೊರಳಿತು. ಆ ಭಾಷೆಯಲ್ಲೂ ಜೈಲು ಮತ್ತು ಬಿಡುವು ಒಂದೇ ಮಾತಿನಲ್ಲಿ ಸಿಕ್ಕಿಕೊಂಡಿದ್ದವು.

ಹೊಸನಗರದ ಅಕ್ಕ:

ಮೇಷ್ಟ್ರೇ, ಪೆಟ್ಟಿಗೆಯಲ್ಲಿಟ್ಟ ಒಡವೆಯ ಮಾತು ಓದಿ ತುಂಬಾ ಹೊತ್ತು ಸುಮ್ಮನೆ ಕುಳಿತೆ. ಇಪ್ಪತ್ತೆರಡು ವರ್ಷ ಪುಸ್ತಕಗಳ ನಡುವೆ ಇದ್ದೂ ಇದು ತಿಳಿದಿರಲಿಲ್ಲ. ಆದರೆ ಠೇವಣಿ ಎಂದರೆ ದೊಡ್ಡಮ್ಮ ಬಡ್ಡಿ ಬರುತ್ತದೆ ಎಂದುಕೊಳ್ಳುತ್ತಾರೆ. "ಎತ್ತಿಟ್ಟಿದ್ದಾರೆ" ಎನ್ನುವುದು ಒಳ್ಳೆಯದು. ಹಪ್ಪಳ ಎತ್ತಿಡುತ್ತೇವೆ, ಬೀಜದ ಭತ್ತ ಎತ್ತಿಡುತ್ತೇವೆ. ಮತ್ತೆ ತೆಗೆಯುವುದಕ್ಕೇ ಎತ್ತಿಡುವುದು.

ಸಾಗರದ ತಮ್ಮಾ, ರಾಜಿಯ ವಿಷಯ ಇವತ್ತೇ ಅವರ ಮನೆಯಲ್ಲಿ ಹೇಳುತ್ತೇನೆ.

ಗೋಪಾಳದ ಓದು:

ನಾನು ಶಿವಮೊಗ್ಗದಲ್ಲಿ ಕೆಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದೇನೆ ಅಕ್ಕ. ಕ್ಷಮಾದಾನದ ಅಧಿಕಾರ ಸಂವಿಧಾನದ 72ನೇ ವಿಧಿಯಲ್ಲಿ ರಾಷ್ಟ್ರಪತಿಗೆ, 161ನೇ ವಿಧಿಯಲ್ಲಿ ರಾಜ್ಯಪಾಲರಿಗೆ. ಅದರಲ್ಲಿ ಬರುವ ಪಾರ್ಡನ್, ರೆಪ್ರೀವ್, ರೆಸ್ಪೈಟ್, ರೆಮಿಷನ್, ಕಮ್ಯುಟೇಷನ್ ಐದನ್ನೂ ನಾವು ಬಾಯಿಪಾಠ ಮಾಡುತ್ತೇವೆ. ನನ್ನ ನೋಟ್ಸಿನಲ್ಲಿ ರೆಪ್ರೀವ್ ಎದುರು "ಮುಂದೂಡಿಕೆ", ರೆಸ್ಪೈಟ್ ಎದುರು "ವಿರಾಮ" ಅಂತ ಬರೆದುಕೊಂಡಿದ್ದೆ. ಬರೆದುಕೊಂಡಿದ್ದು ಸರಿ, ಒಂದೂ ಮನಸ್ಸಿಗೆ ಹತ್ತಿರಲಿಲ್ಲ. ನಿಮ್ಮ ಕಥೆ ಓದಿದ ಮೇಲೆ ಮತ್ತೆ ತೆಗೆದು ನೋಡಿದೆ.

ಪಾರ್ಡನ್ ಎಂದರೆ ಶಿಕ್ಷೆಯೂ ಹೋಯಿತು, ತಪ್ಪಿನ ಕಲೆಯೂ ಹೋಯಿತು. ಕಮ್ಯುಟೇಷನ್‌ನಲ್ಲಿ ಶಿಕ್ಷೆಯ ಬಗೆ ಬದಲಾಗುತ್ತದೆ, ಗಲ್ಲು ಹೋಗಿ ಜೀವಾವಧಿ ಆದ ಹಾಗೆ. ರೆಮಿಷನ್‌ನಲ್ಲಿ ಬಗೆ ಅದೇ, ಅವಧಿ ಕಡಿಮೆ. ಈ ಮೂರರಲ್ಲೂ ಏನೋ ಒಂದು ಕೈಗೆ ಬಂತು. ರೆಪ್ರೀವ್‌ನಲ್ಲಿ ಮಾತ್ರ ಏನೂ ಬದಲಾಗಿಲ್ಲ, ಕಾಲ ಸಿಕ್ಕಿದೆ ಅಷ್ಟೇ.

ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಇದೆ. 1993ರ ಪಾಲಾರ್ ನೆಲಬಾಂಬ್ ಸ್ಫೋಟದ ಕೇಸಿನಲ್ಲಿ ವೀರಪ್ಪನ್ ಸಹಚರರಾದ ನಾಲ್ವರಿಗೆ 2004ರಲ್ಲಿ ಸುಪ್ರೀಂ ಕೋರ್ಟು ಗಲ್ಲು ಶಿಕ್ಷೆ ಕೊಟ್ಟಿತು. ಅವರು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದರು. ಕ್ಷಮಾದಾನದ ಅರ್ಜಿ ವರ್ಷಗಟ್ಟಲೆ ಹಾಗೇ ಇತ್ತು. 2013ರ ಫೆಬ್ರವರಿಯಲ್ಲಿ ತಿರಸ್ಕಾರವಾಯಿತು. ಗಲ್ಲಿಗೆ ಸಿದ್ಧತೆ ಅನ್ನುವಾಗ ಅದೇ ತಿಂಗಳು ಸುಪ್ರೀಂ ಕೋರ್ಟು ತಡೆ ಕೊಟ್ಟಿತು. 2014ರ ಜನವರಿ 21ರಂದು, ಅರ್ಜಿ ತೀರ್ಮಾನಿಸುವುದರಲ್ಲಿ ಅಷ್ಟು ತಡ ಮಾಡಿದ್ದೇ ಒಂದು ಹಿಂಸೆ ಅನ್ನುವ ಕಾರಣಕ್ಕೆ, ಅವರೂ ಸೇರಿ ಹದಿನೈದು ಜನರ ಗಲ್ಲು ಜೀವಾವಧಿಯಾಯಿತು. ಅರ್ಜಿ ತಿರಸ್ಕಾರವಾದ ಸುದ್ದಿ ಮುಟ್ಟಿದ ಮೇಲೆ ಗಲ್ಲಿಗೆ ಮೊದಲು 14 ದಿನ ಇರಲೇಬೇಕು ಅಂತಲೂ ಆ ತೀರ್ಪು ಹೇಳಿತು.

ಆ ಫೆಬ್ರವರಿಯಿಂದ ಜನವರಿವರೆಗಿನ ಹನ್ನೊಂದು ತಿಂಗಳಿಗೆ ಏನು ಹೆಸರು? ಬಿಡುಗಡೆ ಅಲ್ಲ, ಕ್ಷಮೆ ಅಲ್ಲ. ಆ ಸ್ಫೋಟದಲ್ಲಿ 22 ಜನ ಸತ್ತಿದ್ದರು, ಅವರ ಮನೆಯವರಿಗೂ ಅದು ಕಾಯುವ ಕಾಲವೇ. ನಾನು ನೋಟ್ಸಿನಲ್ಲಿ ರೆಪ್ರೀವ್ ಎದುರು ಈಗ "ಹೊಳವು" ಅಂತ ಬರೆದುಕೊಂಡಿದ್ದೇನೆ. ಪರೀಕ್ಷೆಯಲ್ಲಿ ಬರೆಯುವುದಿಲ್ಲ, ನನಗೆ ನೆನಪಿರಲಿ ಅಂತ.

ಇನ್ನೊಂದು ಸಣ್ಣ ವಿಷಯ. ಗಲ್ಲು ಶಿಕ್ಷೆಯಾದ ಹೆಂಗಸು ಗರ್ಭಿಣಿ ಎಂದು ಗೊತ್ತಾದರೆ ಮೊದಲು ಕಾನೂನಿನಲ್ಲಿ ಇದ್ದದ್ದು ಶಿಕ್ಷೆಯನ್ನು ಮುಂದೂಡಬೇಕು, ಬೇಕೆನಿಸಿದರೆ ಬದಲಾಯಿಸಬಹುದು ಅಂತ. 2009ರ ಕೊನೆಗೆ ಜಾರಿಗೆ ಬಂದ ತಿದ್ದುಪಡಿ ಆ "ಮುಂದೂಡು" ಅನ್ನುವ ಭಾಗವನ್ನೇ ತೆಗೆಯಿತು. ಈಗ ಹೈಕೋರ್ಟು ಅದನ್ನು ಜೀವಾವಧಿಗೆ ಇಳಿಸಲೇಬೇಕು. ಹೆರಿಗೆಯಾಗಲಿ ಅಂತ ಕಾದು ಆಮೇಲೆ ಗಲ್ಲಿಗೆ ಹಾಕುವುದು ಅಂದರೆ ಎಂಥ ಮಾತು! ಆ ಒಂದು ಕ್ರಿಯಾಪದ ಹೋದದ್ದು ಒಳ್ಳೆಯದಾಯಿತು.

ಭದ್ರಾ ನಾಲೆ:

ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಮ್ಮ ಮಾವ ಒಬ್ಬರು ಶಿವಮೊಗ್ಗದ ಸೋಗಾನೆ ಜೈಲಿನಲ್ಲಿ ಶಿಕ್ಷೆ ಅನುಭವಿಸುತ್ತಿದ್ದಾಗ ಅಜ್ಜಿ ತೀರಿಕೊಂಡರು. ಪೆರೋಲ್ ಮೇಲೆ ಬಂದಿದ್ದರು. ಊರಿನವರೆಲ್ಲ "ಬಿಟ್ಟರಂತೆ" ಎಂದು ನೋಡಲು ಬಂದರು. ಮಾವ ಪ್ರತಿಯೊಬ್ಬರಿಗೂ ಒಂದೇ ಮಾತು ಹೇಳುತ್ತಿದ್ದರು. "ಬಿಟ್ಟಿಲ್ಲ. ರಜೆ ಮೇಲೆ ಬಂದಿದೀನಿ."

ಮಿಲಿಟರಿಯವರು ಹೇಳುವ ಹಾಗೆ ಹೇಳುತ್ತಿದ್ದರು. ಆಗ ನಾನು ಪಿಯುಸಿ. ಜೈಲಿಗೆ ಯಾರಾದರೂ ರಜೆ ಅಂತಾರಾ ಅನ್ನಿಸಿತ್ತು. ಆಮೇಲೆ ತಿಳಿಯಿತು, ಪೆರೋಲ್ ಹಾಗೆಯೇ ಜೈಲಿನಿಂದ ಸ್ವಲ್ಪ ದಿನ ಹೊರಗೆ ಬಿಡುವ ಇನ್ನೊಂದು ಬಗೆಗೆ ಫರ್ಲೋ ಅಂತಾರೆ. ಆ ಮಾತಿನ ಮೂಲ ಡಚ್ ಭಾಷೆಯದು, ಅದರ ಅರ್ಥ ರಜೆ ಎಂದೇ. ಎರಡರಲ್ಲೂ ವ್ಯತ್ಯಾಸ ಇದೆ. ಪೆರೋಲ್ ಸಿಗುವುದು ಸಾವು, ಕಾಯಿಲೆ, ಮದುವೆಯಂಥ ಒಂದು ಕಾರಣಕ್ಕೆ. ಹೊರಗಿದ್ದ ದಿನ ಶಿಕ್ಷೆಯ ಲೆಕ್ಕಕ್ಕೆ ಸೇರುವುದಿಲ್ಲ. ಫರ್ಲೋ ದಿನ ಸಾಮಾನ್ಯವಾಗಿ ಸೇರುತ್ತದೆ. ಮಾವ ಇದನ್ನು ಬೆರಳು ಮಡಚಿ ಲೆಕ್ಕ ಹಾಕಿ ತೋರಿಸುತ್ತಿದ್ದರು. ಹತ್ತು ದಿನ ನಿಮ್ಮ ಜೊತೆ ಇದ್ದರೆ ಕೊನೆಗೆ ಹತ್ತು ದಿನ ಜಾಸ್ತಿ ಅಲ್ಲಿರಬೇಕು ಎಂದು.

ಹೊರಡುವ ದಿನ ಅತ್ತೆ ಬುತ್ತಿ ಕಟ್ಟಿದರು. ಜೈಲಿನೊಳಗೆ ಬಿಡುವುದಿಲ್ಲ ಎಂದು ಮಾವ ಬಸ್‌ಸ್ಟ್ಯಾಂಡಿನಲ್ಲೇ ಕೂತು ಉಂಡು, ಖಾಲಿ ಡಬ್ಬಿ ನನ್ನ ಕೈಗೆ ಕೊಟ್ಟು ಹೋದರು. ನೀವು ಕೇಳಿದ್ದಕ್ಕೆ ನಮ್ಮ ಮನೆಯ ಮಾತು "ರಜೆ". ಕೇಳಿದ ಕೂಡಲೇ ತಿಳಿಯುತ್ತದೆ. ರಜೆ ಮುಗಿಯುತ್ತದೆ ಅಂತ ಮಕ್ಕಳಿಗೂ ಗೊತ್ತು.

ಶಿಕಾರಿಪುರದವನು:

ನಮ್ಮ ಕಡೆ ಮಳೆ ಅಷ್ಟಿಲ್ಲ ಅಕ್ಕ, ಹೊಳವು ಎಂದರೆ ಎಲ್ಲರಿಗೂ ತಿಳಿಯುವುದಿಲ್ಲ. ನಾವು "ಗಡು ಕೊಟ್ಟಾರ" ಅಂತೀವಿ. ಗಡು ಎಂದರೆ ಮುಗಿಯುವ ದಿನ ಇದೆ ಅಂತ. ಊರಿಗೊಂದು ಮಾತು ಇರಲಿ, ಆದರೆ ಕಾಗದದಲ್ಲಿರುವ ಕಾನೂನಿನ ಮಾತನ್ನೂ ಅವರಿಗೆ ಕಲಿಸಿ. ನಾಳೆ ನೀವು ಇಲ್ಲದಾಗ ಕೋರ್ಟಿನ ಬಾಗಿಲಲ್ಲಿ ಕೂಗುವುದು ಆ ಮಾತನ್ನೇ.

ಹೊಸನಗರದ ಅಕ್ಕ:

ಶಿಕಾರಿಪುರದ ತಮ್ಮ ಹೇಳಿದ್ದು ಸರಿ. ನಾನು ಎರಡನ್ನೂ ಮಾಡುತ್ತಿದ್ದೇನೆ. ಯಾರದೇ ಕಾಗದ ಬಂದರೂ ಹಿಂದೆ ಒಂದು ಚೀಟಿ ಪಿನ್ ಮಾಡಿ ಕೊಡುತ್ತೇನೆ. ಮೇಲೆ ಕಾಗದದಲ್ಲಿರುವ ಮಾತು ದೊಡ್ಡ ಅಕ್ಷರದಲ್ಲಿ. ಅದರ ಕೆಳಗೆ ಸಾಗರದವರು ಹೇಳಿದ ಹಾಗೆ "ಶಿಕ್ಷೆ ಇದೆ, ಜಾರಿ ಇಲ್ಲ". ಕೊನೆಗೆ ಯಾವ ದಿನದೊಳಗೆ ಏನು ಮಾಡಬೇಕು ಅನ್ನುವುದು. ಬಾಯಲ್ಲಿ ಹೇಳುವಾಗ ಮಾತ್ರ ಹೊಳವು, ಎತ್ತಿಟ್ಟಿದ್ದಾರೆ, ರಜೆ. ಯಾರಿಗೆ ಯಾವುದು ತಾಗುತ್ತದೋ ಅದು.

ಭದ್ರಾ ನಾಲೆಯವರೇ, ನೀವು ಬರೆದದ್ದಕ್ಕೆ ಕೈ ಮುಗಿಯುತ್ತೇನೆ. ಆ ಖಾಲಿ ಡಬ್ಬಿ ನನ್ನ ಕಣ್ಣಿಂದ ಹೋಗುತ್ತಿಲ್ಲ.

ದೊಡ್ಡಮ್ಮನ ಮಗ ಹೋದ ಭಾನುವಾರ ಬಂದಿದ್ದ. ಸಾಲ ಕೊಟ್ಟವರ ಮನೆಗೆ ಅಮ್ಮ, ಮಗ ಇಬ್ಬರೂ ಹೋಗಿ ಮಾತಾಡಿ ಬಂದಿದ್ದಾರೆ. ಅವರು ಇನ್ನೂ ಹೌದು ಎಂದಿಲ್ಲ, ಆದರೆ ಕಾಫಿ ಕೊಟ್ಟು ಕೂರಿಸಿದರಂತೆ. ಮುಂದಿನ ವಾಯ್ದೆ ಇಪ್ಪತ್ತಮೂರಕ್ಕೆ ಇದೆ. ಕಾಗದ, ದುಡ್ಡು ಕಟ್ಟಿದ ರಸೀದಿ ಎರಡನ್ನೂ ದೊಡ್ಡಮ್ಮ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಕ್ಕಿ ಡಬ್ಬದೊಳಗೆ ಇಟ್ಟಿದ್ದಾರೆ. ಒಲೆಯಿಂದ ದೂರ ಅಂತ ನನಗೆ ತೋರಿಸಿದರು.